ಕಾರ್ನೀಲಿಯಸ್ ಗ್ಯಾಲಹರನನ್ನು ಕೇಳಿಕೊಂಡು ಬಂದವಳು

ಬೇಸಿಗೆ ಬಂತೆಂದರೆ ಸಾಕು, ಅಮೆರಿಕದವರು ತಮ್ಮ ಮುತ್ತಜ್ಜಂದಿರನ್ನು ಹುಡುಕಿಕೊಂಡು ಡೊನೆಗಾಲಿನ ಕಡಲಂಚಿನ ಹಳ್ಳಿ ಮೀನ್‌ಬೆಗ್‌ಗೆ ಬಂದಿಳಿಯುತ್ತಿದ್ದರು. ಎಲ್ಲರ ಮುತ್ತಜ್ಜನಿಗೂ ಒಂದು ಕೋಟೆ ಇರುತ್ತಿತ್ತು, ಒಂದು ಬಿಳಿ ಕುದುರೆ ಇರುತ್ತಿತ್ತು, ಇಂಗ್ಲಿಷರು ಕಿತ್ತುಕೊಂಡ ಭೂಮಿ ಕಣ್ಣು ಹಾಯುವಷ್ಟು ದೂರ ಇರುತ್ತಿತ್ತು. ಇಷ್ಟೆಲ್ಲ ಇದ್ದವನು ಹಡಗಿನ ತಳದಲ್ಲಿ ವಾಂತಿ ಮಾಡಿಕೊಳ್ಳುತ್ತ ಓಡಿಹೋದದ್ದು ಯಾಕೆ ಎಂದು ಕೇಳುವ ಮನಸ್ಸು ನಾಬ್ಲಾ ಗ್ಯಾಲಹರಳಿಗೆ ಎಷ್ಟೋ ಸಲ ಆಗಿತ್ತು. ಕೇಳುತ್ತಿರಲಿಲ್ಲ. ಅಷ್ಟು ದೂರದಿಂದ ಆಸೆ ಹೊತ್ತು ಬಂದವರ ಮುಖಕ್ಕೆ ಹೊಡೆದ ಹಾಗೆ ಮಾತಾಡಬಾರದು ಎಂಬಷ್ಟು ದಾಕ್ಷಿಣ್ಯ ಅವಳಿಗಿತ್ತು.

ಹಳೆಯ ಶಾಲೆಯ ಒಂದು ಕೋಣೆಯನ್ನು ಊರಿನವರು ಇದಕ್ಕೆಂದೇ ಬಿಟ್ಟುಕೊಟ್ಟಿದ್ದರು. ಬಂದರಿನ ಮೀನು ಕಾರ್ಖಾನೆ ಮುಚ್ಚಿದ ಮೇಲೆ ಕೈ ಖಾಲಿಯಾಗಿದ್ದ ನಾಬ್ಲಾಳನ್ನು ಅಲ್ಲಿ ಕೂರಿಸಿದ್ದರು. ಒಂದು ಮೇಜು, ಒಣಗಿಸಿದ ಜೌಗುಮಣ್ಣಿನ ಹೆಂಟೆ ಉರಿಸುವ ಒಂದು ಒಲೆ, ಚಹಾದ ಕೆಟಲ್ಲು, ಗೋಡೆಯುದ್ದಕ್ಕೂ ಚರ್ಚಿನ ದಾಖಲೆಗಳ ನಕಲು. ನಕಲುಗಳನ್ನು ಅವಳು ತೆರೆಯುತ್ತಿದ್ದದ್ದು ಬಂದವರ ಸಮಾಧಾನಕ್ಕೆ. ಅಸಲಿ ಸರಕು ಇದ್ದದ್ದು ತಲೆಯಲ್ಲಿ. ಅದು ಅವಳಿಗೆ ಅಮ್ಮನಿಂದ ಬಂದದ್ದು, ಅಮ್ಮನಿಗೆ ಅವಳಮ್ಮನಿಂದ.

ಯೂರೋ ನೋಟು ಬಂದ ವರ್ಷ, ಸೆಪ್ಟೆಂಬರಿನಲ್ಲಿ, ಸ್ಕ್ರಾಂಟನ್ ಊರಿನ ವಾಲ್ಟರ್ ಗ್ಯಾಲಹರ್ ಎಂಬ ದಢೂತಿ ಮನುಷ್ಯ ಹಸಿರು ಟೋಪಿ ಹಾಕಿಕೊಂಡು ಬಂದ. ಆ ಟೋಪಿಯನ್ನು ಡೊನೆಗಾಲಿನಲ್ಲಿ ಯಾರೂ ಹಾಕುವುದಿಲ್ಲ, ಅಮೆರಿಕದವರಿಗೆ ಮಾರುತ್ತಾರೆ ಅಷ್ಟೇ.

"ನಮ್ಮ ಮುತ್ತಜ್ಜನ ಹೆಸರು ಜೇಮ್ಸ್ ಗ್ಯಾಲಹರ್," ಎಂದ, ಇಷ್ಟು ಹೇಳಿದರೆ ಮುಗಿಯಿತು ಎಂಬಂತೆ.

"ಅಯ್ಯೋ ಸ್ವಾಮಿ, ಇಲ್ಲಿ ಕಲ್ಲು ಬೀಸಿದ್ರೆ ಒಬ್ಬ ಜೇಮ್ಸ್ ಗ್ಯಾಲಹರ್ ತಲೆಗೇ ಬೀಳೋದು," ಎಂದಳು ನಾಬ್ಲಾ. "ಅದು ಪಾದ್ರಿಗೆ, ಪೊಲೀಸಿಗೆ, ತೆರಿಗೆಯೋರಿಗೆ ಹೇಳೋ ಹೆಸರು. ಕಾಗದದ ಹೆಸರು. ಅದನ್ನ ಕಟ್ಕೊಂಡು ಇಲ್ಲಿ ಯಾರನ್ನೂ ಹುಡುಕೋಕಾಗಲ್ಲ. ಮನೇಲಿ ಏನಂತ ಕರೀತಿದ್ರು? ಯಾರ ಮಗ, ಯಾರ ಮೊಮ್ಮಗ ಅಂತಿದ್ರು?"

ವಾಲ್ಟರ್ ತಲೆ ಕೆರೆದುಕೊಂಡ. "ನಮ್ಮಜ್ಜಿ ಜಿಮ್ಮಿ ನೆಲ್ಲಿ ರೂವಾ ಅಂತ ಏನೋ ಗುನುಗ್ತಾ ಇದ್ಲು. ನಾನದು ಯಾವ್ದೋ ಹಾಡು ಅಂದ್ಕೊಂಡಿದ್ದೆ."

"ಹಾಡಲ್ಲ, ಅದೇ ನಿಮ್ಮ ಮುತ್ತಜ್ಜ! ಕೆಂಪುಗೂದಲ ನೆಲ್ಲಿ ಮಗ ಜಿಮ್ಮಿ. ನೆಲ್ಲಿ ಮನೆ ಕಲ್ಲು ಇನ್ನೂ ಇದೆ, ಕೆರೆ ಆಚೆ. ಕೋಟೆ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಹಸು ಒಳಗೆ ಬಂದ್ರೆ ಗಂಡ ಹೊರಗೆ ನಿಲ್ಬೇಕು, ಅಷ್ಟೇ ಜಾಗ."

ವಾಲ್ಟರ್ ಕೆರೆಯಾಚೆ ಹೋಗಿ ಆ ನಾಲ್ಕು ಕಲ್ಲು ಮುಟ್ಟಿ ಮಗುವಿನ ಹಾಗೆ ಅತ್ತ. ಕೋಟೆಗೆ ಬಂದವರೂ ಕಡೆಗೆ ಆ ಕಲ್ಲುಗಳ ಮುಂದೆಯೇ ಅಳುವುದು. ನಾಬ್ಲಾ ದೂರ ನಿಂತು ನೋಡಿದಳು. ಇವರ ಮೇಲೆ ಅವಳಿಗೆ ಪ್ರೀತಿಯೂ ಇತ್ತು, ಒಳಗೊಳಗೆ ಹೊಟ್ಟೆಕಿಚ್ಚೂ ಇತ್ತು. ಹೋದವರು ಎಲ್ಲಿಗೆ ಹೋದರೆಂದು ಇವರಿಗೆ ಗೊತ್ತು. ಎಲ್ಲಿಂದ ಹೋದರೆಂಬುದೊಂದೇ ಗೊತ್ತಿಲ್ಲ. ಅದನ್ನು ನಾಬ್ಲಾ ಒಂದು ಚಹಾ ಮುಗಿಯುವುದರೊಳಗೆ ಹೇಳಿಬಿಡುತ್ತಿದ್ದಳು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಬರಗಾಲದ ಕಾಲದಲ್ಲಿ ಹೋದವರ ಮನೆಯನ್ನೂ ತೋರಿಸಿಕೊಡುವ ನಾಬ್ಲಾಳಿಗೆ ಸ್ವಂತ ಅಣ್ಣ ಎಲ್ಲಿದ್ದಾನೆಂದು ಗೊತ್ತಿರಲಿಲ್ಲ.

ಅಣ್ಣನ ಹೆಸರು ಕಾಂಡಿ. ಊರ ಬಾಯಲ್ಲಿ ಕಾಂಡಿ ಹ್ಯೂಯಿ ಮಾನುಸ್, ಅಂದರೆ ಮಾನುಸನ ಮಗ ಹ್ಯೂಯಿ, ಹ್ಯೂಯಿಯ ಮಗ ಕಾಂಡಿ. ಪಾದ್ರಿ ಬರೆದುಕೊಂಡ ಹೆಸರು ಕಾರ್ನೀಲಿಯಸ್ ಗ್ಯಾಲಹರ್. ಆ ಹೆಸರನ್ನು ಜ್ಞಾನಸ್ನಾನದ ದಿನ ಒಮ್ಮೆ ಕೂಗಿದ್ದು ಬಿಟ್ಟರೆ ಮನೆಯಲ್ಲಿ ಯಾರೂ ಬಾಯಿಗೆ ತಂದಿರಲಿಲ್ಲ. ಹತ್ತೊಂಬತ್ತು ತುಂಬಿದಾಗ ಅವನು ಲಂಡನ್ನಿಗೆ ಮಣ್ಣು ಅಗೆಯಲು ಹೋದ. ಆ ಕಾಲಕ್ಕೆ ಎಲ್ಲರ ಮನೆಯ ಗಂಡುಮಕ್ಕಳೂ ಹೋಗುತ್ತಿದ್ದರು, ಅದೇನೂ ದೊಡ್ಡ ಸುದ್ದಿಯಲ್ಲ. ನಾಬ್ಲಾಳಿಗೆ ಆಗ ಹದಿನೈದು. ಬಸ್ಸಿನ ಹಿಂದೆ ಬರಿಗಾಲಲ್ಲಿ ಸೇತುವೆಯವರೆಗೆ ಓಡಿದ್ದಳು.

ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು ಬರುತ್ತಿತ್ತು. ವಿಳಾಸ ಇರುತ್ತಿರಲಿಲ್ಲ. "ಚೆನ್ನಾಗಿದೀನಿ ಅಮ್ಮ. ಕಾಂಡಿ" ಎಂದಷ್ಟೇ ಇರುತ್ತಿತ್ತು. ಇಂದು ಈ ಊರಲ್ಲಿ ಗುಂಡಿ ತೋಡಿದರೆ ನಾಳೆ ಇನ್ನೊಂದು ಊರು, ಅವನಿಗಾದರೂ ಯಾವ ವಿಳಾಸ? ಅಮ್ಮ ಅದನ್ನು ಒಲೆಯ ಮೇಲಿನ ಹಲಗೆಯಲ್ಲಿ ಈಸ್ಟರ್‌ವರೆಗೆ ಇಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದಳು. ಹದಿಮೂರು ವರ್ಷ ಹೀಗೆ ನಡೆಯಿತು.

ಆಮೇಲೆ ಅಪ್ಪ ಹ್ಯೂಯಿ ತೀರಿಕೊಂಡ. ನಮ್ಮ ಕಡೆ ಒಂದು ಗುಂಡಿಗೆ ಮೂವರು, ಒಬ್ಬರ ಮೇಲೊಬ್ಬರು. ಮೊದಲು ಹೋದವನಿಗೆ ತಳ. ಅಪ್ಪನನ್ನು ಇಳಿಸಿ ಮಣ್ಣು ಮುಚ್ಚಿದ ದಿನವೇ ಅಮ್ಮ ಉಳಿದದ್ದನ್ನು ಹಂಚಿಬಿಟ್ಟಳು. "ನಡುವಿಂದು ನಂದು, ಮೇಲಿಂದು ಕಾಂಡಿದು. ಹುಟ್ಟಿದಾಗ ನನ್ನೆದೆ ಮೇಲೆ ಮಲಗಿದ್ದ. ಬದುಕಿರೋವಾಗ ಅಂತೂ ಬರ್ಲಿಲ್ಲ, ಸತ್ತ ಮೇಲಾದ್ರೂ ಅಲ್ಲಿಗೇ ಬರ್ಲಿ. ಇನ್ಯಾರೂ ಆ ಜಾಗಕ್ಕೆ ಕಾಲು ಚಾಚಬೇಡಿ." ಮಗಳು ಎದುರಿಗೇ ನಿಂತಿದ್ದಳು. ಅವಳ ಜಾಗ ಯಾವುದೆಂದು ಅಮ್ಮನಿಗೆ ಹೊಳೆಯಲಿಲ್ಲ, ನಾಬ್ಲಾ ಕೇಳಲೂ ಇಲ್ಲ.

ಅಪ್ಪ ಹೋದ ಸುದ್ದಿಯನ್ನು ಕಾಂಡಿಗೆ ಹೇಳಬೇಕು, ಅವನನ್ನು ಕರೆದು ತರಬೇಕು ಎಂದು ಅಮ್ಮ ಹಠ ಹಿಡಿದಳು. ಹಿಂದಿನ ಕಾರ್ಡಿನ ಅಂಚೆಮುದ್ರೆಯಲ್ಲಿ ಲಂಡನ್ನಿನ ಕಿಲ್‌ಬರ್ನ್ ಎಂದಿತ್ತು. ನಾಬ್ಲಾ ಹೊರಟಳು. ಅಮ್ಮ ಶಾಲೆಯ ಟೀಚರಮ್ಮನ ಮನೆಗೆ ಹೋಗಿ, ಕಾಲರಿಗೆ ನರಿಯ ತುಪ್ಪಳ ಹೊಲಿದಿದ್ದ ಕಂದು ಕೋಟು, ಟೋಪಿ, ಕೈಗವಸು ಎಲ್ಲ ಕಡ ತಂದಳು.

"ಇಂಗ್ಲೆಂಡಿನೋರು ನಮ್ಮನ್ನ ಕಂಡ್ರೆ ಕೆಸರಿಂದ ಎದ್ದು ಬಂದೋರು ಅಂತಾರೆ ಮಗಾ. ದೊಡ್ಡೋರ ಮನೆ ಹೆಂಗಸಿನ ಹಾಗೆ ಹೋಗು. ಕಾಂಡಿ ಹ್ಯೂಯಿ ಮಾನುಸ್ ಅಂತ ಹಳ್ಳಿಗುಗ್ಗು ಥರ ಕೇಳ್ಬೇಡ, ನಗ್ತಾರೆ. ಪೂರ್ತಿ ಹೆಸರು ಹೇಳು. ನಿಧಾನವಾಗಿ, ಸ್ಪಷ್ಟವಾಗಿ."

ನಾಬ್ಲಾ ಹಾಗೇ ಮಾಡಿದಳು. ಒಂದು ವಾರ ಕಿಲ್‌ಬರ್ನಿನ ಪಬ್ಬು ಪಬ್ಬು ಸುತ್ತಿದಳು. ನಮ್ಮ ಕಡೆಯ ಗಂಡಸರೇ ತುಂಬಿದ್ದ ಪಬ್ಬುಗಳು. ಹೆಸರು ಕೇಳಿದೊಡನೆ ಮಾತು ನಿಲ್ಲುತ್ತಿತ್ತು. ಯಾರಿಗೂ ಗೊತ್ತಿಲ್ಲ. ಕೇಳಿಯೇ ಇಲ್ಲ. ಒಬ್ಬ ಮಾತ್ರ ಆಸ್ಟ್ರೇಲಿಯಾಕ್ಕೆ ಹೋದನೆಂದ. ಬರಿಗೈಲಿ ವಾಪಸ್ಸು ಬಂದ ಮಗಳನ್ನು ಅಮ್ಮ ಬಾಗಿಲಲ್ಲೇ ಕೇಳಿದ್ದು ಒಂದೇ ಮಾತು: "ಹೆಸರು ಸರಿಯಾಗಿ ಹೇಳಿದ್ಯಾ?"

ಆ ಕ್ರಿಸ್‌ಮಸ್ಸಿಗೆ ಕಾರ್ಡು ಬರಲಿಲ್ಲ. ಮರುವರ್ಷವೂ ಇಲ್ಲ. ಮತ್ತೆಂದೂ ಬರಲಿಲ್ಲ. ಅಮ್ಮ ಡಿಸೆಂಬರ್ ತಿಂಗಳು ಪೂರ್ತಿ ಗೇಟಿನ ಹತ್ತಿರ ನಿಂತು ಅಂಚೆಯವನ ದಾರಿ ಕಾಯುವಳು. ಪಾಪ, ಆ ಅಂಚೆಯವನಿಗೇ ಮುಖ ತೋರಿಸಲು ನಾಚಿಕೆಯಾಗಿ ಕೊನೆಕೊನೆಗೆ ಬೇರೆ ದಾರಿ ಹಿಡಿಯುತ್ತಿದ್ದ. ಆ ಚಳಿಗಾಲದಲ್ಲೇ ಕಾಂಡಿ ಯಾವುದೋ ಕಂದಕ ಕುಸಿದು ಸತ್ತಿರಬೇಕು ಎಂದು ತಾಯಿ ಮಗಳು ಲೆಕ್ಕ ಹಾಕಿಕೊಂಡರು. ಸಾಯುವಾಗಲೂ ಅಮ್ಮ ಅದನ್ನೇ ಅಂದಳು: "ಇನ್ನೊಂದು ಸ್ವಲ್ಪ ಮುಂಚೆ ನಿನ್ನ ಕಳಿಸಿದ್ರೆ ಸಿಕ್ತಿದ್ದ ಕಣೇ. ತಡ ಮಾಡ್ಬಿಟ್ವಿ." ಅಮ್ಮ ನಡುವಿನ ಜಾಗಕ್ಕೆ ಇಳಿದಳು. ತಡ ಮಾಡಿದ ಪಾಪ ನಾಬ್ಲಾಳ ಹೆಗಲಿಗೆ ಬಂತು.

ಅಲ್ಲಿಂದ ಮುಂದೆ ಅವಳು ಬಿಟ್ಟ ಬಾಗಿಲಿಲ್ಲ. ಇಂಗ್ಲೆಂಡಿನ ಆಸ್ಪತ್ರೆ, ಅನಾಥರ ಹಾಸ್ಟೆಲು, ಪಾದ್ರಿಗಳ ಮಿಷನ್ನು, ಸತ್ತವರ ದಾಖಲೆ ಕಚೇರಿ. ಆಸ್ಟ್ರೇಲಿಯಾಕ್ಕೂ ಬರೆದಳು. ಕಾರ್ನೀಲಿಯಸ್ ಗ್ಯಾಲಹರರು ಡಜನ್ನುಗಟ್ಟಲೆ ಸಿಕ್ಕರು, ಒಬ್ಬನೂ ಇವರವನಲ್ಲ. ಯಾವನಾದರೂ ಲಂಡನ್ನಿನಿಂದ ಊರಿಗೆ ವಾಪಸ್ಸು ಬಂದನೆಂದರೆ ಅವನ ಪೆಟ್ಟಿಗೆ ಇಳಿಯುವ ಮೊದಲೇ ನಾಬ್ಲಾ ಅವನ ಬಾಗಿಲಲ್ಲಿ. ಕಾಂಡಿ ಹ್ಯೂಯಿ ಮಾನುಸ್‌ನನ್ನು ನೋಡಿದ್ಯಾ? ಇಲ್ಲ ಕಣಮ್ಮ.

ಈ ವರ್ಷ ಅವಳಿಗೆ ಅವಸರವಿತ್ತು. ಹೊಟ್ಟೆಯಲ್ಲೊಂದು ಗಡ್ಡೆ. ಲೆಟರ್‌ಕೆನಿಯ ಡಾಕ್ಟರು ಸುತ್ತಿ ಬಳಸಿ ಮಾತಾಡಿ, ಇನ್ನೊಂದು ಚಳಿಗಾಲ ಕಷ್ಟ ಎಂದಿದ್ದರು. ಚರ್ಚಿನ ಸಮಾಧಿಗಳನ್ನು ನೋಡಿಕೊಳ್ಳುವ ಡಿನ್ನಿ ಬಾಯ್ಲ್ ಒಂದು ಭಾನುವಾರ ಪೂಜೆ ಮುಗಿಸಿ ಬರುವಾಗ ಅವಳ ಜೊತೆ ಹೆಜ್ಜೆ ಹಾಕಿದ. ಐವತ್ತು ದಾಟಿದ್ದರೂ ಅವಳ ಮುಂದೆ ಹುಡುಗನಂತೆ ಟೋಪಿ ತಿರುಚುವವನು.

"ನಾಬ್ಲಕ್ಕಾ, ಬೇಜಾರು ಮಾಡ್ಕೋಬೇಡಿ. ಹಳೇ ನೆಲದಲ್ಲಿ ಯಾವ ಜಾಗ ಯಾರದು ಅಂತ ಕೌನ್ಸಿಲ್‌ನೋರು ನನ್ನ ಜೀವ ತಿಂತಿದಾರೆ. ನಿಮ್ಮಮ್ಮನ ಮೇಲಿನ ಜಾಗ ನಿಮ್ಮದು ಅಂತ ಹೇಳ್ಬಿಡ್ಲಾ?"

"ಅದು ಕಾಂಡಿದು."

"ಕಾಂಡಿ ಬರಲ್ಲ ಅಕ್ಕಾ."

"ಬರಲ್ಲ ಅನ್ನೋದು ನನಗೆ ಗೊತ್ತಾಗ್ಬೇಕು. ಎಲ್ಲೋ ಒಂದ್ಕಡೆ ಅವನಿಗೂ ಹಿಡಿ ಮಣ್ಣು ಸಿಕ್ಕಿದೆ ಅಂತ ತಿಳಿದ್ರೆ ಸಾಕು. ಆಮೇಲೆ ನಾನು ಅಮ್ಮನ ಹತ್ರ ನೆಮ್ಮದಿಯಾಗಿ ಮಲಗ್ತೀನಿ. ಅಮ್ಮನೂ ಬೇಡ ಅನ್ನಲ್ಲ. ಅಲ್ಲಿವರೆಗೂ ಆ ಜಾಗ ಮುಟ್ಬೇಡ."

"ನವೆಂಬರ್‌ವರೆಗೆ ಹೇಗೋ ತಡೀತೀನಿ," ಎಂದ ಡಿನ್ನಿ. "ನೀವು ತಡೀತೀರಾ?"

"ಗುಂಡಿ ತೋಡೋನ ಬಾಯಿ ನೋಡು!" ಎಂದು ನಾಬ್ಲಾ ಅವನ ತೋಳಿಗೆ ಗುದ್ದಿದಳು. ಇಬ್ಬರೂ ನಕ್ಕರು. ನಕ್ಕದ್ದೇ ಹೊಟ್ಟೆ ಹಿಡಿದುಕೊಂಡು ಅವಳು ಗೋಡೆಗೆ ಒರಗಬೇಕಾಯಿತು.

ಅಮ್ಮನ ಹತ್ತಿರ ಮಲಗುವುದೊಂದೇ ಈಗ ಅವಳಿಗೆ ಉಳಿದಿದ್ದ ಆಸೆ. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಇಡೀ ಜೀವಮಾನ ಅಣ್ಣನ ಖಾಲಿ ತಟ್ಟೆಯ ಪಕ್ಕದಲ್ಲಿ ಕೂತು ಉಂಡವಳು. ಅವನ ಸಾವು ಖಚಿತವಾದರೆ ಅವನ ಜಾಗ ತನಗೆ ಬರುತ್ತದೆ ಎಂದು ಯೋಚಿಸಿದಾಗ ನಾಚಿಕೆಯಾಗುತ್ತಿತ್ತು. ಆದರೂ ಯೋಚಿಸುತ್ತಿದ್ದಳು.

ವಾಲ್ಟರ್ ಊರು ಬಿಡುವ ಮುನ್ನ ಥ್ಯಾಂಕ್ಸ್ ಹೇಳಲು ಒಂದು ಬಾಟಲು ವಿಸ್ಕಿ ಹಿಡಿದು ಮತ್ತೆ ಬಂದ. ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಒಬ್ಬ ಮುದುಕನೂ ಬಂದ. ಚರ್ಚಿನ ಹಿಂದೆ ಇಂಗ್ಲೆಂಡಿನಿಂದ ಮರಳಿದ ವೃದ್ಧರಿಗೆಂದು ಕಟ್ಟಿಸಿದ ಹೊಸ ಮನೆಗಳಿದ್ದವಲ್ಲ, ಅಲ್ಲಿಗೆ ಹಿಂದಿನ ದಿನವಷ್ಟೇ ಬಂದವನು. ಹೆಸರು ಪ್ಯಾಕಿ ಮಕ್‌ಗಿಂಟಿ. ಬೆಟ್ಟದಾಚೆಯ ಗ್ಲೆನ್ ಕಡೆಯವನು. ಕಿವಿ ಸ್ವಲ್ಪ ಮಂದ, ಬಾಯಿ ಬಲು ಚುರುಕು. ಹೊಸ ಮನೆಯ ಹೀಟರು ಹಾವಿನಂತೆ ಬುಸ್ಸೆನ್ನುತ್ತದೆ, ನಿಜವಾದ ಬೆಂಕಿ ಇಲ್ಲಿದೆ ಎಂದು ಕೇಳಿ ಬಂದೆ ಎಂದ. ವಿಸ್ಕಿ ಕಂಡೊಡನೆ ಬೆಂಕಿಯ ವಿಷಯ ಮರೆತ. ಕಾಂಡಿಯ ಬಗ್ಗೆ ಕೇಳೋಣ, ಮೊದಲು ಎರಡು ತುತ್ತು ತಿನ್ನಲಿ ಎಂದು ನಾಬ್ಲಾ ಅವರಿಗೆ ಬೆನ್ನು ಮಾಡಿ ಸೋಡಾ ರೊಟ್ಟಿಗೆ ಬೆಣ್ಣೆ ಸವರತೊಡಗಿದಳು.

"ಲಂಡನ್ನಲ್ಲಿ ಹೇಗಿತ್ತು ಜೀವನ?" ಎಂದು ವಾಲ್ಟರ್ ಕೇಳಿದ್ದೇ ತಪ್ಪಾಯಿತು.

"ರಾಜರ ಥರ ಸ್ವಾಮಿ! ರಾಜರಿಗಾದ್ರೂ ಒಂದೇ ಹೆಸರು, ನಮಗೆ ಸೋಮವಾರಕ್ಕೊಂದು. ಮೇಸ್ತ್ರಿ ಸಾಲಾಗಿ ನಿಲ್ಸಿ, ಏ ನೀನು ಈ ವಾರ ಜಾನ್ ವಾರ್ಡ್, ಏ ನೀನು ಟಾಮ್ ಕೆಲ್ಲಿ ಅನ್ನೋನು. ತೆರಿಗೆಯೋನು ಜಾನ್ ವಾರ್ಡ್‌ನ ಹುಡುಕ್ಕೊಂಡು ಬರೋ ಹೊತ್ತಿಗೆ ಅಂಥೋನು ಭೂಮಿ ಮೇಲೇ ಇಲ್ಲ. ಯಾರು ಬಂದು ಯಾರ ಹೆಸರು ಕೇಳಿದ್ರೂ ನಮ್ಮ ಬಾಯಿಗೆ ಬೀಗ. ಸ್ವಂತ ಹೆಂಡ್ತಿ ಬಂದು ಕೇಳಿದ್ರೂ ಬೀಗ!" ಪ್ಯಾಕಿ ಲೋಟ ಮುಂದೆ ಚಾಚಿದ. "ಒಂದ್ಸಲ ಏನಾಯ್ತು ಗೊತ್ತಾ? ಗಂಡಸರನ್ನ ಕಳಿಸಿ ಕಳಿಸಿ ಸಾಕಾಗಿ ತೆರಿಗೆ ಆಫೀಸಿನೋರು ಒಬ್ಬ ಹೆಂಗಸನ್ನೇ ಕಳಿಸಿದ್ರು!"

ವಾಲ್ಟರ್ ಕುರ್ಚಿ ಹತ್ತಿರ ಎಳೆದುಕೊಂಡ.

"ಕಿಲ್‌ಬರ್ನ್‌ನಲ್ಲಿ, ನಮ್ಮ ಪಬ್ಬಲ್ಲಿ. ಶನಿವಾರ ಸಾಯಂಕಾಲ. ಬಾಗಿಲು ತೆಗೀತು. ಏನು ಠೀವಿ ಅಂತೀರಿ! ಕಂದು ಕೋಟು, ಕತ್ತಿಗೆ ನರಿ ತುಪ್ಪಳ, ಟೋಪಿ, ಕೈಗವಸು. ಮಹಾರಾಣಿ ಮನೆ ಬಾಡಿಗೆ ವಸೂಲಿಗೆ ಬಂದ ಹಾಗೆ. ಬಂದೋಳು ನಿಂತು..." ಪ್ಯಾಕಿ ಎದ್ದು ನಿಂತು, ಎರಡು ಕೈ ಹೊಟ್ಟೆಯ ಮೇಲೆ ಜೋಡಿಸಿ, ಮೂಗಿನಿಂದ ಸ್ವರ ಎಳೆದ. "ದಯವಿಟ್ಟು ಕ್ಷಮಿಸಿ. ಕಾರ್ನೀಲಿಯಸ್ ಗ್ಯಾಲಹರ್ ಎಂಬುವವರು ತಮ್ಮಲ್ಲಿ ಯಾರಿಗಾದರೂ ಪರಿಚಿತರೇ?"

ವಾಲ್ಟರ್ ಹೊಟ್ಟೆ ಕುಲುಕಿಸಿ ನಕ್ಕ. ನಾಬ್ಲಾಳ ಕೈಯಲ್ಲಿದ್ದ ಚಾಕು ನಿಂತಿತು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

"ಇಡೀ ಪಬ್ಬು ಮೂಕ," ಎಂದು ಪ್ಯಾಕಿ ಮುಂದುವರಿಸಿದ. "ಒಬ್ಬ ಸೂರು ನೋಡ್ದ, ಒಬ್ಬ ಬೂಟು ನೋಡ್ದ. ನಾನೇ ಎದ್ದು, ಅಮ್ಮಾ, ಅಂಥೋನು ಆಸ್ಟ್ರೇಲಿಯಾಕ್ಕೆ ಹೋದ ಅಂದೆ.

"ಅವಳು ಬಾಗಿಲ ಕಡೆ ತಿರುಗಿ ಅಲ್ಲಿ ನಿಂತಿದ್ದ ಇನ್ನಾರನ್ನೋ ಕೇಳ್ತಿದ್ಲು. ನಾನು ಹಿಂದಿನ ಸಣ್ಣ ಕೋಣೆ ಕಿಂಡಿ ಹತ್ರ ಹೋಗಿ, ಒಳಗೆ ನಮ್ಮ ಏಣಿ ಕೂತಿದ್ದ, ಅವನಿಗೆ ಹೇಳ್ದೆ. ಏಣಿ ಅಂತ ಕರೀತಿದ್ವಿ, ಅಷ್ಟು ಉದ್ದ ಇದ್ದ. ಯಾವೋನೋ ಕಾರ್ನೀಲಿಯಸ್‌ನ ಹಿಡಿಯೋಕೆ ತೆರಿಗೆಯೋಳು ಬಂದಿದಾಳೆ ಕಣೋ ಅಂದೆ, ತಮಾಷೆಗೆ. ಏಣಿ ಮುಖ ಸುಣ್ಣ ಆಗ್ಹೋಯ್ತು! ಕಿಂಡೀಲಿ ಬಗ್ಗಿ ಅವಳನ್ನ ನೋಡ್ದ. ಅದು ನಾನೇ ಕಣೋ ಪ್ಯಾಕಿ, ಪಾದ್ರಿ ಇಟ್ಟ ಹೆಸರು, ಈ ಊರಲ್ಲಿ ಒಂದು ನಾಯಿಗೂ ಗೊತ್ತಿಲ್ಲ, ಮನೇಗೆ ಮಾತ್ರ ಗೊತ್ತು ಅಂದ. ಆಮೇಲೆ ಹಣೆ ಚಚ್ಕೊಂಡ. ಕ್ರಿಸ್‌ಮಸ್ ಕಾರ್ಡು! ಅಂಚೆಮುದ್ರೆ ಹಿಡ್ಕೊಂಡು ಬಂದಿದಾರೆ. ಅಮ್ಮನ್ನೂ ಕಾಡಿದಾರೋ ಏನೋ, ಇನ್ನು ಸತ್ರೂ ಮನೆಗೆ ಒಂದಕ್ಷರ ಹಾಕಲ್ಲ ಅಂದ. ಹಿಂಬಾಗಿಲಿಂದ ಬಿದ್ದಂಬೀಳ ಓಡಿದ. ಕೋಟು ಕೂಡ ಬಿಟ್ಟು ಹೋದ ಬಡ್ಡೀಮಗ! ಎರಡು ಚಳಿಗಾಲ ನಾನೇ ಹಾಕ್ಕೊಂಡೆ. ತೋಳು ಮೊಣಕಾಲವರೆಗೆ ಬರೋದು."

ವಾಲ್ಟರ್ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ನಾಬ್ಲಾ ರೊಟ್ಟಿಯ ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟಳು. ಹೇಗೆ ತಂದಳೋ ಅವಳಿಗೇ ತಿಳಿಯದು. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದರೆ ಪುಣ್ಯ ಎನ್ನುತ್ತಾರೆ. ಇದು ಕತ್ತಿಗೆ ತೊಡರಿತ್ತು.

"ಅವನು ಮನೆ ವಿಷಯ ಏನಾದ್ರೂ ಹೇಳ್ತಿದ್ನಾ?" ಎಂದಳು.

"ಕುಡಿದಾಗ ಒಂದೇ ಕತೆ. ಒಬ್ಳು ತಂಗಿ ಇದಾಳೆ, ಬಸ್ಸಿನ ಹಿಂದೆ ಬರಿಗಾಲಲ್ಲಿ ಓಡಿ ಬಂದ್ಲು, ಮೊಣಕಾಲಿಗೆಲ್ಲ ಕೆಸರು ಅಂತ. ಅವಳಿಗೊಂದು ಜೊತೆ ಬೂಟು ತಗೊಂಡು ಹೋಗ್ಬೇಕು ಅನ್ನೋನು. ನಾವೆಲ್ಲ ಅವನನ್ನ ರೇಗಿಸೋರು, ಏನೋ ಏಣಿ, ನಿನ್ನ ತಂಗಿ ಕಾಲು ಇನ್ನೂ ಬೆಳೀತಾ ಇದೆಯೇನೋ ಅಂತ."

ಕಿಂಡಿಯಲ್ಲಿ ಬಗ್ಗಿ ನೋಡಿದವನಿಗೆ ಕಂಡದ್ದು ತುಪ್ಪಳದ ಕಾಲರು, ಟೋಪಿ, ಕೈಗವಸು. ಕೆಸರು ಮೆತ್ತಿದ ಮೊಣಕಾಲು ಎಲ್ಲಿಂದ ಕಾಣಬೇಕು? ಒಂದು ಸಲ, ಒಂದೇ ಒಂದು ಸಲ, ಹ್ಯೂಯಿ ಮಾನುಸ್‌ನ ಮಗ ಕಾಂಡಿ ಇದಾನೇನ್ರೋ ಎಂದು ಹಳ್ಳಿಗುಗ್ಗಿನ ಹಾಗೆ ಕೂಗಿದ್ದರೆ ಕಿಂಡಿ ಒಡೆದುಕೊಂಡು ಬರುತ್ತಿದ್ದ.

"ಆ ನರಿ ತುಪ್ಪಳದ ಕೋಟು ನಮ್ಮ ಶಾಲೆ ಟೀಚರಮ್ಮಂದು," ಎಂದಳು ನಾಬ್ಲಾ.

ಪ್ಯಾಕಿ ಕಿವಿಗೆ ಕೈ ಹಿಡಿದ. "ಏನಂದೆ ತಾಯಿ?"

"ಕೋಟು ಕಡ ತಂದಿದ್ವಿ ಪ್ಯಾಕಿ. ಅಪ್ಪ ತೀರ್ಕೊಂಡಿದ್ರು, ಅಣ್ಣನ್ನ ಕರ್ಕೊಂಡು ಬಾ ಅಂತ ಅಮ್ಮ ಕಳಿಸಿದ್ಲು. ತೆರಿಗೆಯೋಳಲ್ಲ. ಅದು ನಾನು."

ನಗು ಮೊದಲು ವಾಲ್ಟರನ ಮುಖದಿಂದ ಹೋಯಿತು. ಪ್ಯಾಕಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅವನು ಅವಳ ಮುಖ ನೋಡಿದ, ಆ ಮುಖದಲ್ಲಿ ಟೋಪಿಯ ಕೆಳಗಿನ ಹಳೆಯ ಮುಖ ಹುಡುಕಿದ, ಮೆಲ್ಲಗೆ ಕುರ್ಚಿಗೆ ಕುಸಿದ. ವಿಸ್ಕಿ ಲೋಟ ಕೈಯಲ್ಲೇ ಇತ್ತು, ಕುಡಿಯಲಿಲ್ಲ.

"ಆಮೇಲೆ ಎಲ್ಲಿಗೆ ಹೋದ?"

"ಬರ್ಮಿಂಗ್‌ಹ್ಯಾಂ ಅಂದ್ರು. ಸ್ಕಾಟ್ಲೆಂಡಲ್ಲಿ ಸುರಂಗ ಕೊರೀತಿದಾನೆ ಅಂತ ಇನ್ನೊಬ್ಬ ಅಂದ. ಮತ್ತೆ ನಾನು ಅವನನ್ನ ಕಾಣ್ಲಿಲ್ಲ ತಾಯಿ."

"ಯಾವ ಹೆಸರು ಇಟ್ಕೊಂಡ?"

ಪ್ಯಾಕಿ ತಲೆ ಅಲ್ಲಾಡಿಸಿದ. "ಹಿಡಿಯೋಕೆ ಬಂದ್ರು ಅಂತ ಓಡಿಹೋದೋನು ಹೊಸ ಹೆಸರು ಯಾರಿಗೂ ಹೇಳಲ್ಲ. ಜೊತೆಗಾರರಿಗೂ ಹೇಳಲ್ಲ. ಅದೇ ನಿಯಮ."

ಅಲ್ಲಿಗೆ ಎಲ್ಲ ಮುಗಿಯಿತು. ಯಾವ ಆಸ್ಪತ್ರೆಯ ಪುಸ್ತಕದಲ್ಲಿ, ಯಾವ ಸಮಾಧಿಯ ಹಲಗೆಯ ಮೇಲೆ ಯಾವ ಹೆಸರು ಹೊತ್ತು ಮಲಗಿದ್ದಾನೋ, ಯಾರು ಹೇಳಬೇಕು? ಸಾವಿರಾರು ಜಾನ್ ವಾರ್ಡ್‌ಗಳು, ಟಾಮ್ ಕೆಲ್ಲಿಗಳು. ಮನುಷ್ಯ ಕಳೆದುಹೋದರೆ ಹೆಸರು ಹಿಡಿದು ಹುಡುಕಬಹುದು. ಹೆಸರೂ ಹೋದ ಮೇಲೆ ಏನು ಹಿಡಿದು ಹುಡುಕುವುದು?

"ನಾವು ಅವನನ್ನ ಉಳಿಸಿದ್ವಿ ಅಂದ್ಕೊಂಡಿದ್ವಿ ಕಣಮ್ಮ," ಎಂದ ಪ್ಯಾಕಿ. "ಇಷ್ಟು ವರ್ಷ ಇದನ್ನ ಎಲ್ಲ ಮದುವೇಲೂ, ಎಲ್ಲ ಸಾವಲ್ಲೂ ಹೇಳಿ ನಗಿಸಿದೀನಿ."

"ಉಳಿಸಿದ್ರಿ ಪ್ಯಾಕಿ," ಎಂದಳು ನಾಬ್ಲಾ. "ನನ್ನಿಂದ ಉಳಿಸಿದ್ರಿ." ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೆ ಆಡಿದ ಮೇಲೆ ವಾಪಸ್ಸು ತೆಗೆದುಕೊಳ್ಳುವ ಮನಸ್ಸೂ ಆಗಲಿಲ್ಲ. ವಾಲ್ಟರ್ ತನ್ನ ಹಸಿರು ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತ. ಅವಳು ಮುದುಕನಿಗೆ ಚಹಾ ಬಗ್ಗಿಸಿದಳು, ಎರಡು ಚಮಚ ಸಕ್ಕರೆ ಹಾಕಿದಳು, ಒಲೆಗೆ ಇನ್ನೊಂದು ಹೆಂಟೆ ಇಟ್ಟಳು. ಬಂದವರನ್ನು ಹಾಗೆ ಕಳಿಸುವ ರೂಢಿ ನಮ್ಮಲ್ಲಿಲ್ಲ.

ಆ ವಾರವಿಡೀ ಅವಳು ಶಾಲೆಯ ಕೋಣೆಗೆ ಹೋಗಲಿಲ್ಲ. ಮನೆಯಲ್ಲಿ ಗೋಡೆ ನೋಡಿಕೊಂಡು ಮಲಗಿದ್ದಳು. ಹೊಟ್ಟೆನೋವು ಇತ್ತು, ಅದೊಂದು ನೆಪ. ತಡವಾಗಿ ಹೋದೆ ಎಂಬ ಕೊರಗನ್ನು ಅವಳು ಮೂವತ್ತು ವರ್ಷ ಹೊತ್ತಿದ್ದಳು. ಹೊತ್ತು ಹೊತ್ತು ಅದು ಅಭ್ಯಾಸವಾಗಿತ್ತು. ಈಗ ನೋಡಿದರೆ ತಡವಾಗಿ ಹೋದದ್ದಲ್ಲ, ಹೋದದ್ದೇ ತಪ್ಪು. ಅವಳು ಹೋಗದೆ ಮನೆಯಲ್ಲೇ ಇದ್ದಿದ್ದರೆ ಆ ಕ್ರಿಸ್‌ಮಸ್ಸಿಗೂ ಕಾರ್ಡು ಬರುತ್ತಿತ್ತು. ಅಮ್ಮ ಬದುಕಿದ್ದ ಅಷ್ಟೂ ವರ್ಷ ಬರುತ್ತಿತ್ತು. ಒಂದು ದಿನ ಅವನೇ ಬರುತ್ತಿದ್ದನೋ ಏನೋ, ಕೈಯಲ್ಲಿ ಒಂದು ಜೊತೆ ಬೂಟು ಹಿಡಿದು. ಅಮ್ಮನನ್ನು ಗೇಟಿನಲ್ಲಿ ನಿಲ್ಲಿಸಿದವಳು ತಾನು. ಅವನಿಗೆ ಇಡೀ ಪ್ರಪಂಚದಲ್ಲಿದ್ದ ಒಂದೇ ಮನೆಯ ಬಾಗಿಲನ್ನು ಹಾಕಿದವಳೂ ತಾನು. ಅಮ್ಮ ಹೇಳಿಕೊಟ್ಟ ಹಾಗೇ ಮಾಡಿದ್ದು ನಿಜ. ಆದರೆ ಕೋಟು ತೊಟ್ಟ ಮೇಲೆ ಕನ್ನಡಿಯ ಮುಂದೆ ನಿಂತು ಖುಷಿಪಟ್ಟದ್ದೂ, ಹಳ್ಳಿಯ ಹೆಸರು ಹೇಳಲು ನಾಚಿದ್ದೂ ಅವಳೇ. ಅದು ಅಮ್ಮನಿಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು.

ಅಕ್ಟೋಬರ್ ಕೊನೆಗೆ ಅವಳು ಗೋಡೆ ಹಿಡಿದುಕೊಂಡು ಚರ್ಚಿನ ಸಮಾಧಿಗಳ ಹತ್ತಿರ ಹೋದಳು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಡಿನ್ನಿ ಎಲೆ ಗುಡಿಸುತ್ತಿದ್ದವನು ಪೊರಕೆ ಬಿಟ್ಟು ಓಡಿಬಂದು ಅವಳ ತೋಳು ಹಿಡಿದ. ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಕಾಂಡಿ ವಿಷಯ ಏನೋ ಗೊತ್ತಾಯ್ತಂತೆ?"

"ಆಯ್ತು."

"ತೀರ್ಕೊಂಡಿದಾನಾ?"

"ಗೊತ್ತಿಲ್ಲ."

"ಮತ್ತೆ ಏನಕ್ಕಾ ಗೊತ್ತಾಗಿದ್ದು?"

ನಾಬ್ಲಾ ರಸ್ತೆಯಾಚೆ ಕೌನ್ಸಿಲ್‌ನವರು ಹೊಸದಾಗಿ ಬೇಲಿ ಹಾಕಿದ್ದ ನೆಲದ ಕಡೆ ಕೈ ತೋರಿಸಿದಳು. ಮರವಿಲ್ಲ, ಗೋಡೆಯಿಲ್ಲ, ಅಲ್ಲಲ್ಲಿ ಬೇರೆ ಊರಿನವರ ನಾಲ್ಕಾರು ಹೊಸ ಸಮಾಧಿಕಲ್ಲುಗಳು. "ನನಗೆ ಅಲ್ಲಿ ಒಂದು ಜಾಗ ಹಿಡಿ ಡಿನ್ನಿ."

"ಅಲ್ಲಿ ನಮ್ಮೋರು ಒಬ್ರೂ ಇಲ್ಲ!" ಡಿನ್ನಿಗೆ ಸಿಟ್ಟೇ ಬಂತು. "ಸ್ವಂತ ಅಮ್ಮನ ಮೇಲೆ ಜಾಗ ಖಾಲಿ ಇಟ್ಕೊಂಡು ಅಪರಿಚಿತರ ಮಧ್ಯೆ ಹೋಗಿ ಮಲಗ್ತೀರಾ? ಊರು ಏನನ್ನುತ್ತೆ?"

"ಅಮ್ಮನ ಹತ್ರ ಹೋದ ಕೂಡ್ಲೆ ಅವಳು ಕೇಳೋದು ಒಂದೇ ಮಾತು, ಕಾಂಡಿ ಸಿಕ್ಕಿದ್ನಾ ಅಂತ. ಅಷ್ಟು ಹತ್ರ ಮಲಗಿ ಸುಳ್ಳು ಹೇಳೋಕಾಗಲ್ಲ. ನಿಜ ಹೇಳೋಕೂ ಆಗಲ್ಲ. ದೂರ ಇದ್ರೆ ಕೇಳ್ಸಲ್ಲ ಅಂತ ಇರ್ಬೋದು."

ಡಿನ್ನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಸಾಯುವವರ ಜೊತೆ ವಾದ ಮಾಡಬಾರದು ಎಂಬುದು ಅವನ ಕಸುಬಿನ ಮೊದಲ ಪಾಠ. ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿ ತನ್ನ ಕೋಟು ಬಿಚ್ಚಿ ಹೊದಿಸಿದ.

"ಆಯ್ತು, ಅಲ್ಲೇ ಹಿಡೀತೀನಿ. ಹಾಗಾದ್ರೆ ಅಮ್ಮನ ಮೇಲಿನ ಜಾಗ ಕಾಂಡಿಗೇ ಇರ್ಲಿ. ಕಾರ್ನೀಲಿಯಸ್ ಗ್ಯಾಲಹರ್ ಅಂತ ಕೌನ್ಸಿಲ್‌ನೋರಿಗೆ ಹೇಳ್ತೀನಿ. ಬೇಕಾದ್ರೆ ಕಲ್ಲಿನ ಮೇಲೂ ಕೊರೆಸೋಣ."

"ಬೇಡ," ಎಂದು ನಾಬ್ಲಾ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಆ ಹೆಸರು ಮಾತ್ರ ಎತ್ಬೇಡ ಡಿನ್ನಿ. ಅದನ್ನ ಕೇಳಿದ್ರೆ ಅವನು ಓಡಿಹೋಗ್ತಾನೆ."